ಎಲುಬು ಸವೆದಿದೆ ಎಂದ ಸುಳ್ಳು

ಸುಶೀಲಾ, ರಾಯಚೂರಿನ ಹಲ್ಲಿನ ಡಾಕ್ಟರು ಎಂದೂ ಆಡದ ಮಾತೊಂದನ್ನು ಅವರ ಹೆಸರಿನಲ್ಲಿ ನಿನಗೆ ಹೇಳಿದವನು ನಾನು — ನಿನ್ನ ಗಂಡ. ಏಳು ವರ್ಷವಾಯಿತು.

ಬಚ್ಚಲಲ್ಲಿ ಜಾರಿ ಬಿದ್ದು ನಿನ್ನ ಮೇಲಿನ ಸಾಲಿನ ಮೂರು ಹಲ್ಲು ಹೋಗಿದ್ದವು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನೀನು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದೆ. ಒಳಗೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. "ಎಲುಬು ಗಟ್ಟಿ ಅದರೀ. ಶುಗರೂ ಇಲ್ಲ. ಎಲುಬಿಗೇ ಕೂಡಿಸೋ ಹಲ್ಲು, ಇಂಪ್ಲಾಂಟ್, ಛಲೋ ಕೂಡ್ತಾವ. ತೆಗೆದಿಡೋ ಸೆಟ್ಟೂ ಹಾಕಬಹುದು, ಆದ್ರ ಹಾಡೋರಿಗೆ ಅದು ಅಲ್ಲಾಡ್ತದ. ಅವರನ್ನ ಕೇಳಿ ಹೇಳ್ರಿ."

ನಿನ್ನನ್ನು ಕೇಳಲೇ ಇಲ್ಲ. ಹೊರಗೆ ಬಂದು, "ಎಲುಬು ಸವದದಂತ. ಇಂಪ್ಲಾಂಟ್ ನಿಲ್ಲಂಗಿಲ್ಲಂತ. ತೆಗೆದಿಡೋ ಸೆಟ್ಟೇ ಗತಿ," ಎಂದೆ.

"ಹೌದೇನ್ರೀ... ಆತು ಬಿಡ್ರಿ," ಎಂದು ಎದ್ದೆ ನೀನು.

ಖರ್ಚಿಗೆ ಅಂಜಿದ್ದಲ್ಲ. ನಿನ್ನ ಹಾಡು — ಅದೇ ನನಗೆ ಆಗಿಬರುತ್ತಿರಲಿಲ್ಲ. ಮಾನ್ವಿ, ಕವಿತಾಳ, ದೇವದುರ್ಗ, ಎಲ್ಲ ಕಡೆ ಹೆಂಗಸರು ದಾಸರ ಪದ ಕಲಿಯಲು ನಿನ್ನ ದಾರಿ ಕಾಯುತ್ತಿದ್ದರು. ದೇವದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬರು, "ಸುಶೀಲಾಬಾಯಿಯವರ ಯಜಮಾನ್ರು ಅಲ್ಲೇನ್ರೀ ನೀವು?" ಎಂದು ಕೈ ಮುಗಿದಾಗ ನಕ್ಕಿದ್ದೆ. ಮೂವತ್ತು ವರ್ಷ ತಾಲ್ಲೂಕು ಕಚೇರಿಯಲ್ಲಿ ದುಡಿದವನ ಗುರುತು ಇಷ್ಟೇ ಏನು — ಹೊಟ್ಟೆ ಉರಿದಿತ್ತು. ಇವಳು ಮನೆಯಲ್ಲಿರಲಿ ಎಂದುಕೊಂಡೆ. ಅಷ್ಟು ಸಣ್ಣ ಬುದ್ಧಿ. ಅಷ್ಟೇ.

ಮುಂದೆ ಒಂದು ಏಕಾದಶಿಯ ಭಜನೆಯಲ್ಲಿ ಪದದ ನಡುವೆಯೇ ಸೆಟ್ಟು ಕಳಚಿ ನಿನ್ನ ತೊಡೆಯ ಮೇಲೆ ಬಿತ್ತು. ಯಾರೂ ನಗಲಿಲ್ಲ, ನಕ್ಕಿದ್ದರೆ ತಡೆದುಕೊಳ್ಳುತ್ತಿದ್ದೆಯೇನೋ. ಮರುದಿನವೇ ನೀನು ತಾಳಗಳನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೇರಿಸಿದೆ. ನನಗೆ ಹೊತ್ತಿಗೆ ಸರಿಯಾಗಿ ಚಹಾ ಸಿಗತೊಡಗಿತು. ಒಲೆಯ ಮುಂದೆಯೂ ನೀನು ಗುನುಗಲಿಲ್ಲ. ನಾನು ಬಯಸಿದ ಮನೆ ಇದೇ —

ಹೋದ ತಿಂಗಳು ಸೆಟ್ಟು ಒತ್ತಿ ವಸಡು ಹುಣ್ಣಾಯಿತೆಂದು ಮತ್ತೆ ಹೋದೆವು. ಈಗಿನ ಡಾಕ್ಟರಮ್ಮ ಹಳೆಯ ಎಕ್ಸ್‌ರೇಯ ಪಕ್ಕದಲ್ಲಿ ಹೊಸದನ್ನಿಟ್ಟರು. "ಹಲ್ಲಿಲ್ಲದ ಜಾಗದಾಗ ಎಲುಬು ಕರಗ್ತದಮ್ಮ. ಆವಾಗ ಭಾಳ ಛಲೋ ಇತ್ತಲ್ಲ, ಯಾಕ ಇಂಪ್ಲಾಂಟ್ ಮಾಡಿಸ್ಲಿಲ್ಲ?"

"ಇಲ್ರೀ, ಆವಾಗೂ ಎಲುಬು ಛಲೋ ಇದ್ದಿಲ್ಲ. ನಮ್ಮನಿಯವ್ರೇ ಕೇಳ್ಯಾರ. ಅವರು ಸುಳ್ಳ ಹೇಳಂಗಿಲ್ಲ," ಎಂದೆ ನೀನು.

ಡಾಕ್ಟರಮ್ಮ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಆಮೇಲೆ ಅವರು ಮೆಲ್ಲಗೆ, ಬೇರೆ ಎಲುಬು ಕೂಡಿಸಿ ಪ್ರಯತ್ನ ಮಾಡಬಹುದು, ತಿಂಗಳುಗಟ್ಟಲೆ ಹಿಡಿಯುತ್ತದೆ ಎಂದರು. ನೀನು, "ಬ್ಯಾಡ್ರೀ. ಇನ್ನ ಯಾರ ಮುಂದ ಹಾಡೋದದ?" ಎಂದು ಚೀಲ ಎತ್ತಿಕೊಂಡೆ.

ಮಾನ್ವಿಗೆ ಬರುವ ಬಸ್ಸಿನಲ್ಲಿ ನೀನು ಕಿಟಕಿಯ ಕಡೆಗೇ ತಿರುಗಿ ಕುಳಿತಿದ್ದೆ. ನಿನಗೆ ತಿಳಿಯಿತೋ, ತಿಳಿಯಲಿಲ್ಲವೋ... ಕೇಳುವ ಎದೆ ನನಗಿರಲಿಲ್ಲ.

ನಾಳೆ ಬೆಳಿಗ್ಗೆ ಪೂಜೆ ಮುಗಿದ ಮೇಲೆ ಈ ಕಾಗದವನ್ನು ನಿನ್ನ ಕೈಗೆ ಕೊಡುತ್ತೇನೆ. ನೀನು ಓದಿ ಮುಗಿಸುವವರೆಗೂ ಎದುರಿಗೇ ಕುಳಿತಿರುತ್ತೇನೆ. ಕ್ಷಮಿಸು ಎನ್ನುವುದಿಲ್ಲ.