ಹೇಳದೆ ತೆಗೆದ ಒಂದು ಫೋಟೋ

ನಮ್ಮ ಪತ್ರಿಕೆಯ ಫೋಟೋಗ್ರಾಫರ್ ಕಾಕಾ ಅವರ ಎಡಗಣ್ಣಿನ ಸುತ್ತ ಚರ್ಮವೆಲ್ಲ ಸುಕ್ಕುಗಟ್ಟಿತ್ತು. ಬಲಗಣ್ಣಿನ ಸುತ್ತ ಒಂದು ಗೆರೆಯೂ ಇರಲಿಲ್ಲ. ಜೀವನವಿಡೀ ಒಂದೇ ಕಣ್ಣು ಮುಚ್ಚಿ ಕ್ಯಾಮೆರಾದಲ್ಲಿ ಇಣುಕಿದ್ದರ ಗುರುತದು. "ಎಡಕ್ಕ ಮುದುಕ, ಬಲಕ್ಕ ಮದುಮಗ" ಎಂದು ಕಾಡಿಸಿದರೆ, "ಹಂಗಾದ್ರ ಬಲಕ್ಕ ಕುಂಡ್ರಲೇ" ಎನ್ನುತ್ತಿದ್ದರು.

ನಾನು ಮುದ್ದೇಬಿಹಾಳದಲ್ಲಿ ವರದಿಗಾರನಾಗಿ ಸೇರಿದಾಗ ಬೈಕಿನ ಹಿಂದೆ ಕೂರಿಸಿಕೊಂಡು ಕೆಲಸ ಕಲಿಸಿದವರು ಅವರು. ಎಪಿಎಂಸಿಯ ಜಗಳ, ಧರಣಿ, ಚುನಾವಣೆ ಯಾವುದನ್ನೂ ಬಿಟ್ಟವರಲ್ಲ. ವೇದಿಕೆಯ ಮೇಲಿನ ಮುಖಂಡರು ಆಕಳಿಸುವಾಗಲೇ ಸರಿಯಾಗಿ ಕ್ಲಿಕ್ಕಿಸಿ ಬೈಸಿಕೊಳ್ಳುತ್ತಿದ್ದರು. ಆದರೆ ಬಡವರ ಕೇರಿಗೆ ಹೋಗುವುದಿದ್ದರೆ ಹಿಂದಿನ ದಿನವೇ ಹೇಳಿಕಳಿಸಬೇಕು. "ಅವರ ಮಾರಿ ಅವರದು. ಹೆಂಗ ನಿಲ್ತೇವಂತಾರೋ ಹಂಗ ತೆಗಿಬೇಕು." ನನಗೆ ಸಿಟ್ಟು ಬರುತ್ತಿತ್ತು. ಸುದ್ದಿಯೇನು ಮದುವೆಯ ಆಲ್ಬಮ್ಮೇ?

ಕೊಲ್ಹಾರದ ಹತ್ತಿರ ಒಂದು ಕೇರಿ. ಕೃಷ್ಣೆಯ ಹಿನ್ನೀರು ಕಣ್ಣಿಗೆ ಕಾಣುತ್ತಿತ್ತು. ಕುಡಿಯಲು ಮಾತ್ರ ಹೊಂಡದ ರಾಡಿ ನೀರು. ನಲ್ಲಿ ಬೇಕೆಂದು ಹೆಂಗಸರು ಕೇಳಿ ಕೇಳಿ ಸೋತಿದ್ದರು. ಕಾಕಾ ಎಂದಿನಂತೆ ಹೇಳಿಕಳಿಸಿದರು. ನಾವು ಹೋಗಿ ನೋಡಿದರೆ ಎಲ್ಲರೂ ಇಳಕಲ್ ಸೀರೆ ಉಟ್ಟು, ಹೂ ಮುಡಿದು, ಹುಣಸೆಹಣ್ಣು ಹಚ್ಚಿ ತಿಕ್ಕಿದ ಕೊಡ ಹಿಡಿದು ಹೊಂಡದ ದಂಡೆಯಲ್ಲಿ ಸಾಲಾಗಿ ನಿಂತಿದ್ದಾರೆ! ನಾನು ಹಣೆ ಚಚ್ಚಿಕೊಂಡೆ. ನಡುವೆ ನಿಂತಿದ್ದ ಅಜ್ಜಿ, "ಪೇಪರನ್ಯಾಗ ಬೀಗರು ನೋಡ್ತಾರ್ರಿ. ಹರಕ ಸೀರ್ಯಾಗ ನಿಂತ್ರ ಏನಂದಾರು?" ಎಂದಳು. "ಖರೇ ಐತಿ ಯವ್ವಾ" ಎಂದು ಕಾಕಾ ಫೋಟೋ ತೆಗೆದರು.

ಫೋಟೋ ಚೆಂದ ಬಂತು. ಚೆಂದ ಬಂದದ್ದೇ ತಪ್ಪಾಯಿತು. ನೀರಿನ ಕೆಲಸ ಹಂಚುವ ಸಭೆಯಲ್ಲಿ ಸಾಹೇಬರೊಬ್ಬರು ಪತ್ರಿಕೆ ಎತ್ತಿ ಹಿಡಿದು, "ಇವರಿಗೇನ್ ಕಡಿಮಿ ಆಗೇತ್ರಿ? ಲಗ್ನಕ್ಕ ಹೊಂಟಂಗ ಕಾಣ್ತಾರ" ಎಂದು ನಕ್ಕರು. ನಲ್ಲಿಯ ಕೆಲಸ ಬೇರೆ ಊರಿಗೆ ಹೋಯಿತು. ಆ ಬೇಸಿಗೆಯಲ್ಲೇ ಕೇರಿಯಲ್ಲಿ ವಾಂತಿಭೇದಿ ಹಬ್ಬಿ ಅಜ್ಜಿ ತೀರಿಕೊಂಡಳು.

ಕಾಕಾ ಕೆಲವು ದಿನ ಕ್ಯಾಮೆರಾ ಮುಟ್ಟಲಿಲ್ಲ. ಆಮೇಲೊಂದು ಮುಂಜಾನೆ, ನನಗೂ ಹೇಳದೆ, ಆ ಕೇರಿಗೆ ಹೋದರು. ಅಜ್ಜಿಯ ಸೊಸೆ ತೇಪೆ ಹಾಕಿದ ಸೀರೆಯನ್ನು ಮೊಣಕಾಲಿನ ತನಕ ಎತ್ತಿಕಟ್ಟಿಕೊಂಡು ಹೊಂಡಕ್ಕಿಳಿದಿದ್ದಳು. ಅವಳು ಕ್ಯಾಮೆರಾ ಕಂಡು ಸೆರಗು ಎಳೆದುಕೊಳ್ಳುವಷ್ಟರಲ್ಲಿ ಎಲ್ಲ ಮುಗಿದಿತ್ತು. ಫೋಟೋ ಮುಖಪುಟದಲ್ಲಿ ಬಂತು. ಮಳೆಗಾಲಕ್ಕೆ ಮೊದಲೇ ನಲ್ಲಿಯೂ ಬಂತು. ಕಾಕಾ ಅವರಿಗೆ ಪ್ರಶಸ್ತಿಯೂ ಬಂತು, ಪಾಪ.

ನಲ್ಲಿಯ ಉದ್ಘಾಟನೆಯ ದಿನ ಆ ಸೊಸೆ ಕಾಕಾರನ್ನು ಕಂಡವಳೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮರಳುವಾಗ ಬಸವನ ಬಾಗೇವಾಡಿಯಲ್ಲಿ ಚಹಾಕ್ಕೆ ನಿಂತೆವು. ಅವರ ಚಹಾ ಹಾಗೇ ಆರುತ್ತಿತ್ತು.

"ನೀರ ಬಂತಲ್ಲ ಕಾಕಾ" ಎಂದೆ.

"ಬಂತು. ಆದ್ರ ಒಂದ ಮಾತ ಕೇಳಬೇಕಿತ್ತು. ಕೇಳಿದ್ರ ಆಕಿನೂ ಹೂಂ ಅಂತಿದ್ಲೇನೋ. ನಾ ಕೇಳಲೇ ಇಲ್ಲ." ಆರಿದ ಚಹಾ ಪಕ್ಕಕ್ಕೆ ಸರಿಸಿ, "ನಾ ಹ್ವಾದ ಮ್ಯಾಲ ಆ ಫೋಟೋ ಮತ್ತ ಹಾಕಬ್ಯಾಡ್ರಿ" ಎಂದರು.

ಅವಳಲ್ಲಿ ಕ್ಷಮೆ ಕೇಳಬೇಕೆಂದು ಹೊರಟು, ದಾರಿಯ ಮಸೂತಿ ಊರಿನಿಂದಲೇ ಎಷ್ಟು ಸಲ ತಿರುಗಿ ಬಂದರೋ. ರಾಜಕಾರಣಿಗಳಿಗೆ ಹೆದರದ ಮನುಷ್ಯ ಒಂದು ಬಾಗಿಲಿಗೆ ಹೆದರಿದರು.

ಕಳೆದ ಚಳಿಗಾಲದಲ್ಲಿ ಕಾಕಾ ತೀರಿಕೊಂಡರು. ಶ್ರದ್ಧಾಂಜಲಿಗೆ ಆ ಫೋಟೋ ಬೇಡವೆಂದು ಕಚೇರಿಗೆ ಫೋನ್ ಮಾಡಿ ಬಡಿದುಕೊಂಡೆ. "ಪ್ರಶಸ್ತಿ ಬಂದಿದ್ದು ಬಿಟ್ಟು ಮತ್ಯಾವುದು ಹಾಕೋದ್ರಿ?" ಎಂದರು. ಮರುದಿನ ಪತ್ರಿಕೆಯಲ್ಲಿ ಅದೇ ಫೋಟೋ, ಮೊದಲಿಗಿಂತ ದೊಡ್ಡದಾಗಿ.

ಅವರನ್ನು ಮಣ್ಣು ಮಾಡುವಲ್ಲಿಗೆ ಹೊರಟಿದ್ದಾಗ ಫೋನ್ ಬಂತು. ಯಾರಿಂದಲೋ ನಂಬರ್ ಪಡೆದು ಆ ಸೊಸೆಯೇ ಮಾಡಿದ್ದಳು.

"ಅಣ್ಣಾರ, ಮತ್ತ ಅದನ್ನ ಹಾಕೀರಲ್ರಿ."

"ಕಾಕಾ ಹಾಕಬ್ಯಾಡಂತ ಹೇಳಿದ್ರವ್ವಾ. ನಿನ್ನ ಕೇಳದ ತೆಗದೆ ಅಂತ ಸಾಯೂತನಕ ಕೊರಗಿದ್ರು."



"ಒಂದ ಸಲ ಬಂದು ಅಷ್ಟು ಹೇಳಿದ್ರ ಸಾಕಿತ್ರಿ," ಎಂದಳು. "ಒಳಗ ಕರದು ಚಹಾ ಮಾಡಿ ಕೊಡ್ತಿದ್ದೆ."