ಏಪ್ರಿಲ್ ಚಾಟಣಿ

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ಇಂಗ್ಲೆಂಡಿನ ಸೊಲಿಹಲ್‌ನಲ್ಲಿ ಮಗಳ ಮನೆಯಲ್ಲಿ ಹಗಲೆಲ್ಲ ನಾನೊಬ್ಬಳೇ. ಮಗಳು ಡಾಕ್ಟರು, ಮೊಮ್ಮಗಳು ಲಫ್‌ಬರೋದಲ್ಲಿ ಓದುತ್ತಿದ್ದಳು. ಮಾತಿಗೆ ಸಿಗುತ್ತಿದ್ದವನು ಬೇಲಿಯಾಚೆಯ ಇಟಲಿಯ ಮುದುಕ ಮಾತ್ರ. ಇಬ್ಬರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೆ, ಹಾಗಾಗಿ ಸರಿಹೋಗಿತ್ತು.

ಅವನ ಗಾಜಿನ ಮನೆಯಲ್ಲಿ ಒಂದು ದ್ರಾಕ್ಷಿ ಬಳ್ಳಿ. ಅಪ್ಪನ ಗುಡ್ಡದಿಂದ ಕಡ್ಡಿ ತಂದು ನೆಟ್ಟದ್ದು. ಆ ಗುಡ್ಡ ಸುಣ್ಣದ ಕಲ್ಲು, ಮೇಲೆ ಬೆಂಕಿಬೆಟ್ಟ ಉಗುಳಿದ ಬೂದಿ. ಹಗಲು ಸುಡುತ್ತದೆ, ರಾತ್ರಿ ಕೊರೆಯುತ್ತದೆ. ಅದಕ್ಕೇ ಅಲ್ಲಿಯ ಹಣ್ಣು ಚಳಿ ಹಿಡಿದ ಮೇಲೆ ಮಾಗುತ್ತದೆ. ವೈನ್ ಎಷ್ಟು ಒಗರೆಂದರೆ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಡಬೇಕಂತೆ.

"ಇಲ್ಲಿಯದು ಜೇಡಿ ಮಣ್ಣು. ನೀರು ಕುಡಿದು ಕೂತಿರುತ್ತೆ. ಹುಳಿ ಬಿಟ್ಟು ಏನೂ ಕೊಡಲ್ಲ" ಎನ್ನುತ್ತಿದ್ದ. ಆದರೂ ಪ್ರತಿ ಅಕ್ಟೋಬರಿನಲ್ಲಿ ಅವನ ಸೀಮೆಯ ದ್ರಾಕ್ಷಿ ಲಾರಿಯಲ್ಲಿ ಬಂದಾಗ, ಈ ಬಳ್ಳಿಯದೊಂದು ಬೊಗಸೆ ಸೇರಿಸಿಯೇ ವೈನಿಗಿಟ್ಟ ಡ್ರಮ್ ಮುಚ್ಚುತ್ತಿದ್ದ. ಅಪ್ಪನ ಬಳ್ಳಿಯದು ಬೀಳದಿದ್ದರೆ ಅದು ಮನೆಯ ವೈನಲ್ಲ. ನಾನು ಕುಡಿಯುವವಳಲ್ಲ. ತೊಟ್ಟು ಬಿಡಿಸಲು ಕರೆಯುತ್ತಿದ್ದ, ಹೋಗುತ್ತಿದ್ದೆ.

ಆ ಏಪ್ರಿಲಿನಲ್ಲಿ ತಂಗಿಯ ಮಣ್ಣಿಗೆಂದು ಇಟಲಿಗೆ ಹೋದ. ಬಳ್ಳಿಗೆ ನೀರು ಹಾಕು ಅಂದ, ಅಷ್ಟೇ. ವಿಜಯಪುರದ ಕಡೆ ಇಪ್ಪತ್ತು ವರ್ಷ ದ್ರಾಕ್ಷಿ ತೋಟದಲ್ಲಿ ದುಡಿದವಳು ನಾನು. ನಮ್ಮಲ್ಲಿ ಬಳ್ಳಿ ನಿದ್ದೆ ಮಾಡುವುದಿಲ್ಲ. ಏಪ್ರಿಲಿಗೊಮ್ಮೆ, ಅಕ್ಟೋಬರಿಗೊಮ್ಮೆ ಕತ್ತರಿಸಬೇಕು. ಅದೇ ಚಾಟಣಿ. ಇವನ ಬಳ್ಳಿ ಗೇಣುದ್ದ ಚಿಗುರಿ ನಿಂತಿತ್ತು. ಮುದುಕನ ಕೈಲಿ ಆಗಿಲ್ಲ ಎಂದುಕೊಂಡೆ. ಕತ್ತರಿ ಅಲ್ಲೇ ಇತ್ತು. ಕಡ್ಡಿಗೆ ಚಿಗುರೊಡೆಯುವ ಒಂದೊಂದೇ ಕಣ್ಣು ಬಿಟ್ಟು ಗಿಡ್ಡ ಮಾಡಿದೆ. ಬಹಳ ದಿನದ ಮೇಲೆ ಅಂದು ಹೊಟ್ಟೆ ತುಂಬ ಉಂಡೆ.

ಸಂಜೆ ಮಗಳು ನೋಡಿದಳು. "ಯವ್ವಾ, ನಿನಗ ನೀರ ಹಾಕು ಅಂದಿದ್ರೊ, ಬೋಳಿಸು ಅಂದಿದ್ರೊ?"

"ಚಾಟಣಿ ಟೈಮ್ ಐತಲ್ಲ."

"ಅದು ನಮ್ಮೂರಾಗ. ಕೇಳೂದಲ್ಲೇನ ಒಂದ್ಮಾತು?"

ಮುದುಕ ಬಂದ. ಗಾಜಿನ ಮನೆಯ ಬಾಗಿಲಲ್ಲೇ ನಿಂತ. "ನಮ್ಮಲ್ಲಿ ಒಂದೇ ಸಲ, ಚಳಿಗಾಲದಲ್ಲಿ, ಎಲೆ ಉದುರಿದ ಮೇಲೆ. ನೀನು ಕಡಿದ ಚಿಗುರಲ್ಲಿ ಈ ವರ್ಷದ ಹಣ್ಣಿತ್ತು" ಅಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. ಬೇಸಿಗೆಯೆಲ್ಲ ಅವನು ಬೇಲಿಯ ಹತ್ತಿರ ಸುಳಿಯಲಿಲ್ಲ.

ಅಕ್ಟೋಬರಿನಲ್ಲಿ ಲಾರಿಯಿಂದ ದ್ರಾಕ್ಷಿ ಪೆಟ್ಟಿಗೆಗಳು ಇಳಿದವು. ನನ್ನನ್ನು ಕರೆಯಲಿಲ್ಲ. ನಾನೇ ಹೋಗಿ ಖಾಲಿ ಪೆಟ್ಟಿಗೆ ಬೋರಲು ಹಾಕಿ ಕೂತು ತೊಟ್ಟು ಬಿಡಿಸತೊಡಗಿದೆ. ಬಿಡಿಸಿದ್ದನ್ನು ಅವನು ಡ್ರಮ್ಮಿಗೆ ಸುರಿಯುತ್ತ ಹೋದ. ಸಂಜೆ ಡ್ರಮ್ಮಿಗೆ ಮುಚ್ಚಳ ಹಾಕಿ, "ಈ ವರ್ಷದ್ದು ಅಂಗಡಿ ವೈನ್" ಅಂದ.

"ಹೌದು," ಅಂದೆ. "ನಾನೇ ಕಡಿದದ್ದು."

ಕೈ ತೊಳೆಯಲು ನಲ್ಲಿ ತೋರಿಸಿದ. ತೊಳೆದುಕೊಂಡು ಮನೆಗೆ ಬಂದೆ. ಮಗಳಿಗೆ ಅಂದು ರಾತ್ರಿ ಪಾಳಿ.