ಹುಣಸೆಯ ಸತ್ತ ಮಗ್ಗುಲು

ಮದುವೆಯಾಗಿ ನಾನು ಚಿಂತಾಮಣಿಯಿಂದ ಶಿಡ್ಲಘಟ್ಟಕ್ಕೆ ಬಂದದ್ದು ಅರವತ್ತರ ದಶಕದ ಮೊದಲ ವರ್ಷಗಳಲ್ಲಿ. ನಮ್ಮ ಯಜಮಾನರಿಗೆ ಅದು ಎರಡನೇ ಮದುವೆ. ಮೊದಲ ಹೆಂಡತಿ ವಿಷಮಶೀತ ಜ್ವರದಲ್ಲಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಸ್ಕೂಲ್ ಮೇಷ್ಟರಾಗಿದ್ದ ನಮ್ಮಪ್ಪ ಯಾವುದನ್ನೂ ಮುಚ್ಚಿಡದೆ ನನಗೆ ಹೇಳಿಯೇ ಒಪ್ಪಿಸಿದ್ದರು. ಹುಡುಗ ರೇಷ್ಮೆ ಇಲಾಖೆಯಲ್ಲಿದ್ದಾನೆ, ಜಪಾನಿಗೆ ಹೋಗಿ ತರಬೇತಿ ಪಡೆದು ಬಂದಿದ್ದಾನೆ, ಜೋರು ಮಾತಿಲ್ಲ ಎಂದರು. ಅದೆಲ್ಲ ನಿಜವೇ ಆಗಿತ್ತು. ಆ ಮನೆಯ ಹಿತ್ತಿಲಲ್ಲಿದ್ದ ಮರದ ವಿಷಯ ಮಾತ್ರ ನಮ್ಮಪ್ಪನಿಗೂ ಗೊತ್ತಿರಲಿಲ್ಲ.

ಬಂದ ದಿನ ಸಂಜೆ ಕೈಕಾಲು ತೊಳೆಯಲು ಬಾವಿಕಟ್ಟೆಗೆ ಹೋದೆ. ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಚಪ್ಪಡಿಯ ಮೇಲೆ ಯಾವುದೋ ಪ್ರಾಣಿಯ ಮೂಳೆ ನಿಲ್ಲಿಸಿಟ್ಟ ಹಾಗೆ ಏನೋ ಬೆಳ್ಳಗೆ ಕಂಡಿತು. ಹತ್ತಿರ ಹೋಗಿ ನೋಡಿದರೆ ಅಗಲವಾದ ಮಣ್ಣಿನ ಕುಂಡದಲ್ಲಿ ಮೊಳಕೈ ಉದ್ದದ ಒಂದು ಹುಣಸೆ ಮರ. ಗಿಡ ಅಲ್ಲ, ಮರವೇ. ಬುಡ ನನ್ನ ಮಣಿಕಟ್ಟಿಗಿಂತ ದಪ್ಪ. ಒಂದು ಮಗ್ಗುಲಲ್ಲಿ ಕಪ್ಪು ತೊಗಟೆ, ಅದರ ಮೇಲೆ ಎಳೆ ಎಲೆಗಳು. ಇನ್ನೊಂದು ಮಗ್ಗುಲಲ್ಲಿ ಬೇರಿನಿಂದ ತುದಿಯವರೆಗೆ ತೊಗಟೆಯೇ ಇಲ್ಲ. ಆ ಕಡೆ ಪೂರ್ತಿ ಸತ್ತು, ತಿರುಚಿಕೊಂಡು, ಸುಣ್ಣ ಬಳಿದ ಹಾಗೆ ಬಿಳಿಚಿಕೊಂಡಿತ್ತು. ಕತ್ತಲಾಗುತ್ತ ಹುಣಸೆ ಎಲೆಗಳು ಮುಚ್ಚಿಕೊಳ್ಳುತ್ತವಲ್ಲ, ಬದುಕಿದ್ದ ಭಾಗ ಹಾಗೇ ಕರಗಿಹೋಗಿ ಸತ್ತ ಭಾಗ ಒಂದೇ ಎದ್ದು ಕಾಣುತ್ತಿತ್ತು.

ನಮ್ಮ ಯಜಮಾನರು ಭಾನುವಾರಗಳಲ್ಲಿ ಅದರ ಮುಂದೆ ಕೂರುತ್ತಿದ್ದರು. ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ನೀರಲ್ಲಿ ಅದ್ದಿ ಆ ಬಿಳಿ ಕಟ್ಟಿಗೆಯ ಸಂದುಗೊಂದುಗಳನ್ನು ತಿಕ್ಕುತ್ತಿದ್ದರು. ಬೇಸಿಗೆಯಲ್ಲಿ ಮಾತ್ರ ಇನ್ನೊಂದು ಕೆಲಸ. ಹಿತ್ತಿಲ ಕೊನೆಯಲ್ಲಿ ಮೂರು ಕಲ್ಲು ಹೂಡಿ, ಸುಣ್ಣಕ್ಕೆ ಗಂಧಕ ಬೆರೆಸಿ, ನೀರು ಹಾಕಿ ಕುದಿಸುತ್ತಿದ್ದರು. ನಂದಿ ಕಡೆ ದ್ರಾಕ್ಷಿ ತೋಟದವರು ಬಳ್ಳಿಗೆ ಹೊಡೆಯುತ್ತಿದ್ದದ್ದೂ ಅಂಥದ್ದೇ ಔಷಧಿಯಂತೆ. ಕುದಿದು ಕುದಿದು ಡಿಕಾಕ್ಷನ್ ಬಣ್ಣಕ್ಕೆ ಬರುತ್ತಿತ್ತು. ಕೊಳೆತ ಮೊಟ್ಟೆಯ ವಾಸನೆ. ಶಿಡ್ಲಘಟ್ಟದಲ್ಲಿ ಗೂಡು ಬೇಯಿಸಿ ನೂಲು ತೆಗೆಯುವ ಮನೆಗಳ ವಾಸನೆ ಬೀದಿ ತುಂಬ ಇದ್ದೇ ಇರುತ್ತದೆ, ಅದು ಮೂಗಿಗೆ ಒಗ್ಗಿಹೋಗುತ್ತದೆ. ಇದು ಒಗ್ಗಲಿಲ್ಲ. ಸೀರೆಯ ಮಡಿಕೆಯೊಳಗೆಲ್ಲ ಸೇರಿಕೊಳ್ಳುತ್ತಿತ್ತು.

ಯಾಕೆ ಹೀಗೆ ಮಾಡುತ್ತೀರಿ ಎಂದು ಒಂದು ದಿನ ಕೇಳಿದೆ. ಅಷ್ಟು ಮಾತನ್ನು ಅವರು ಒಟ್ಟಿಗೆ ಆಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಜಪಾನಿನಲ್ಲಿ ಇವರಿಗೆ ಇಳಿದುಕೊಳ್ಳಲು ಜಾಗ ಕೊಟ್ಟಿದ್ದ ಮುದುಕನ ಅಂಗಳದಲ್ಲಿ ಇಂಥವು ಸಾಲಾಗಿದ್ದವಂತೆ, ಕೆಲವು ಆ ಮುದುಕನ ತಾತನ ಕಾಲದವು. ಮರದಲ್ಲಿ ಒಂದು ಭಾಗ ಸತ್ತರೆ ಅವರು ಕಡಿದು ಬಿಸಾಡುವುದಿಲ್ಲ. ತೊಗಟೆ ಬಿಡಿಸಿ, ಕೊಳೆ ತಿಕ್ಕಿ, ಕಟ್ಟಿಗೆ ಒದ್ದೆಯಾಗಿರುವಾಗಲೇ ಈ ಔಷಧಿ ಬಳಿಯುತ್ತಾರೆ. ಮೊದಲು ಹಳದಿ ಕಾಣುತ್ತದೆ, ಬಿಸಿಲಿಗೆ ಒಣಗಿದ ಮೇಲೆ ಬೆಳ್ಳಗಾಗುತ್ತದೆ. ಬೂಷ್ಟು ಹಿಡಿಯುವುದಿಲ್ಲ, ಹುಳು ಕೊರೆಯುವುದಿಲ್ಲ. ಬದುಕಿರುವ ತೊಗಟೆಗೆ ಒಂದು ಹನಿಯೂ ತಾಗಬಾರದು, ಮಣ್ಣಿಗೂ ಬೀಳಬಾರದು, ಅದಕ್ಕೇ ಬುಡಕ್ಕೆ ಬಟ್ಟೆ ಸುತ್ತುವುದು. ಇಷ್ಟೆಲ್ಲ ಹೇಳಿದರು. ಈ ಮರ ಯಾಕೆ ಅರ್ಧ ಸತ್ತಿತು ಅನ್ನುವುದನ್ನು ಹೇಳಲಿಲ್ಲ.

ಅದನ್ನು ಹೇಳಿದ್ದು ಪಕ್ಕದ ಮನೆಯಾಕೆ, ಹಪ್ಪಳ ಒಣಹಾಕುತ್ತ. ಮರ ಮೊದಲ ಹೆಂಡತಿಯದು. ಜಪಾನಿನಿಂದ ಬಂದ ಗಂಡ ಗೇಣುದ್ದದ ಮರಗಳ ಕಥೆ ಹೇಳಿದಾಗ ಆಕೆ ನಕ್ಕು, ನಮ್ಮೂರ ಗುಡ್ಡದ ಮೇಲೂ ಒಂದಿದೆ, ಆಡುಗಳೇ ಮಾಡಿಟ್ಟಿವೆ ಅಂದಳಂತೆ. ಆಕೆಯ ತವರು ಗೌರಿಬಿದನೂರಿನ ಹತ್ತಿರದ ಒಂದು ಹಳ್ಳಿ. ಅಲ್ಲಿ ಬಂಡೆ ಸಂದಿಯಲ್ಲಿ ಹುಟ್ಟಿ, ಚಿಗುರಿದಾಗೆಲ್ಲ ಆಡು ಮೇಯ್ದು, ಬೆಳೆಯಲಾರದೆ ನಿಂತಿದ್ದ ಹುಣಸೆಯನ್ನು ಗಂಡ ಹೆಂಡತಿ ಇಬ್ಬರೂ ಹೋಗಿ ಅಗೆದು ತಂದರು. ಕುಂಡದಲ್ಲಿ ಅದನ್ನು ಉಳಿಸಿಕೊಂಡವಳು ಅವಳೇ. ಆಮೇಲೆ ಒಂದು ಬೇಸಿಗೆಯಲ್ಲಿ ಜ್ವರ ಬಂದು ಮಲಗಿದಳು. ಮನೆಮಂದಿಯೆಲ್ಲ ಅವಳ ಮಂಚದ ಸುತ್ತ ಇದ್ದರು. ಕುಂಡಕ್ಕೆ ನೀರು ಹಾಕಬೇಕೆಂದು ಯಾರಿಗೆ ನೆನಪಿರುತ್ತದೆ? ಕರ್ಮಾಂತರವೆಲ್ಲ ಮುಗಿದು ಇವರು ಹಿತ್ತಿಲಿಗೆ ಹೋಗಿ ನೋಡಿದಾಗ ಒಂದು ಕೊಂಬೆಯಲ್ಲಿ ಮಾತ್ರ ಹಸಿ ಉಳಿದಿತ್ತು.

ಗೊತ್ತಾಗುವ ಮುಂಚೆ ನನಗೆ ಅದು ಒಂದು ವಿಚಿತ್ರ ಮರ, ಅಷ್ಟೇ. ಗೊತ್ತಾದ ಮೇಲೆ ಬಾವಿಗೆ ಒಬ್ಬಳೇ ಹೋಗುವುದು ಕಷ್ಟವಾಯಿತು. ಹಿಂದೆ ಯಾರೋ ನಿಂತು ನಾನು ನೀರು ಸೇದುವುದನ್ನು ನೋಡುತ್ತಿದ್ದಾರೆ, ಹಗ್ಗ ಹಿಡಿಯುವ ರೀತಿ ಸರಿಯಿಲ್ಲ ಅಂದುಕೊಳ್ಳುತ್ತಿದ್ದಾರೆ ಅನ್ನಿಸುತ್ತಿತ್ತು. ಒಂದು ಸಂಜೆ ತುಂಬಿದ ಬಿಂದಿಗೆ ಎತ್ತಿಕೊಂಡು ಚಪ್ಪಡಿಯ ಪಕ್ಕ ಹಾದುಬರುವಾಗ, "ಸ್ವಲ್ಪ ಜರುಗಿ" ಎಂದು ನನ್ನ ಬಾಯಿಂದಲೇ ಬಂತು. ಯಾರಿಗೆ ಅಂದೆ ಎಂದು ಹೊಳೆದದ್ದೇ ಬಿಂದಿಗೆ ವಾಲಿ ಅರ್ಧ ನೀರು ಚೆಲ್ಲಿತು. ಯಜಮಾನರಿಗೆ ಹೇಳಲಿಲ್ಲ. ನನ್ನೊಂದಿಗೆ ಅವರು ಒಳ್ಳೆಯವರಾಗಿಯೇ ಇದ್ದರು. ಆದರೆ ಆ ಬಿಳಿ ಕಟ್ಟಿಗೆಯನ್ನು ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ತಿಕ್ಕುವಾಗ ಅವರ ಮುಖ ಬೇರೆಯೇ ಆಗುತ್ತಿತ್ತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನ್ನನ್ನು ಅವರು ಕಂಡದ್ದೇ ಇಲ್ಲ.

ವರ್ಷಕ್ಕೊಮ್ಮೆ, ಮಗಳು ಹೋದ ದಿನದ ಸುಮಾರಿಗೆ, ಮೊದಲ ಹೆಂಡತಿಯ ತಾಯಿ ಬರುತ್ತಿದ್ದರು. ಇವರೇ ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿಗೆ ಹೋಗಿ ಕರೆತರುತ್ತಿದ್ದರು. ಕೃಶವಾದ, ಎತ್ತರದ ಹೆಂಗಸು. ಕನ್ನಡದ ಮಧ್ಯೆ ತೆಲುಗು ಬರುತ್ತಿತ್ತು, ನನ್ನನ್ನು ಅಮ್ಮಾಯಿ ಎನ್ನುತ್ತಿದ್ದರು. ಬಂದವರನ್ನು ಇವರು ನೇರ ಹಿತ್ತಿಲಿಗೆ ಕರೆದೊಯ್ಯುತ್ತಿದ್ದರು. ಆಕೆ ಮರದ ಮುಂದೆ ಸ್ವಲ್ಪ ಹೊತ್ತು ಕೂತು, ಬಿಳಿ ಕಡೆಯನ್ನು ಒಮ್ಮೆ ಮುಟ್ಟಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಏಳುತ್ತಿದ್ದರು. ಒಳಗೆ ಬಂದ ಮೇಲೆ ನನ್ನ ತಲೆ ಬಾಚಿ ಜಡೆ ಹೆಣೆಯುತ್ತಿದ್ದರು. ಅವರ ಬೆರಳುಗಳು ನನ್ನ ಕೂದಲಲ್ಲಿ ಆಡುವಾಗ ಇವು ಇನ್ನೊಂದು ತಲೆಯ ಅಳತೆಗೆ ಒಗ್ಗಿದ ಬೆರಳು ಅನ್ನಿಸುತ್ತಿತ್ತು.

ನಾನು ಬಸುರಿಯಾದೆ. ವಿಷಯ ತಿಳಿದು ನಮ್ಮಮ್ಮ ಚಿಂತಾಮಣಿಯಿಂದ ಚಿಕ್ಕ ರೈಲಿನಲ್ಲಿ ಬಂದರು. ಮರವನ್ನು ಅವರು ನೋಡಿದ್ದು ಅದೇ ಮೊದಲು. ಹುಣಸೆ ಮರವನ್ನೇ ಯಾರೂ ಮನೆ ಹತ್ತಿರ ಸೇರಿಸುವುದಿಲ್ಲ, ಇದು ಅರ್ಧ ಸತ್ತದ್ದು ಬೇರೆ, ಬಸುರಿ ಹೆಂಗಸು ದಿನಾ ಸಂಜೆ ಇದರ ಮುಂದೆ ಓಡಾಡುವುದೇ ಎಂದು ಊಟ ಬಿಟ್ಟು ಕೂತರು. ಅಳಿಯನೊಂದಿಗೆ ಎದುರೆದುರು ಮಾತಾಡದೆ ಬಾಗಿಲ ಮರೆಯಲ್ಲಿ ನಿಂತು ಗೋಡೆಗೆ ಹೇಳಿದರು. ಯಜಮಾನರು ಕೇಳಿಸಿಕೊಂಡು, ಶರಟು ಹಾಕಿಕೊಂಡು ಹೊರಗೆ ಹೋಗಿ ಒಂದು ಗಾಡಿ ಕರೆತಂದರು. ಊರಾಚೆ ಅವರ ಇಲಾಖೆಯ ಹಿಪ್ಪುನೇರಳೆ ತೋಟವಿತ್ತು. ಅಲ್ಲಿನ ಶೆಡ್ಡಿನ ಹಿಂದೆ ಕುಂಡ ಇಟ್ಟು ಬಂದರು.

ಇನ್ನು ನೆಮ್ಮದಿ ಅಂದುಕೊಂಡೆ. ಮನೆ ಇನ್ನೂ ಭಾರವಾಯಿತು. ಅವರು ಹಿತ್ತಿಲಿಗೆ ಹೋಗುವುದನ್ನೇ ಬಿಟ್ಟರು. ತೋಟಕ್ಕೆ ದಿನಾ ಕೆಲಸದ ಮೇಲೆ ಹೋಗುತ್ತಿದ್ದರೂ ಶೆಡ್ಡಿನ ಹಿಂದಕ್ಕೆ ಮಾತ್ರ ಹೋಗಲಿಲ್ಲವಂತೆ. ಒಂದು ಭಾನುವಾರ ಬೆಳಿಗ್ಗೆ ಬ್ರಷ್ಷು ತಿಕ್ಕುವ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಹೊರಗೆ ಹೋಗಿ ನೋಡಿದರೆ ಬರೀ ಚಪ್ಪಡಿ. ಒಳಗೆ ಬಂದರೆ ಯಜಮಾನರು ಗೋಡೆಗೆ ಒರಗಿ ಕೂತಿದ್ದಾರೆ, ಕೈ ಎರಡೂ ಮಡಿಲಲ್ಲಿ.

ಮಳೆಗಾಲ ಕಳೆಯುವ ಹೊತ್ತಿಗೆ ಗೌರಿಬಿದನೂರಿನ ಆ ತಾಯಿ ಕರೆಯದೆಯೇ ಬಂದರು. ಬಸುರಿಗೆಂದು ಕಜ್ಜಾಯ, ಚಿಗಳಿ, ಹಸಿರು ಬಳೆ ತಂದಿದ್ದರು. ಯಜಮಾನರು ಅಂಬಾಜಿದುರ್ಗದ ಕಡೆ ಹಳ್ಳಿಗಳಿಗೆ ಕೆಲಸದ ಮೇಲೆ ಹೋಗಿದ್ದರು. ಆಕೆ ಕಾಲು ತೊಳೆಯಲು ಹಿತ್ತಿಲಿಗೆ ಹೋಗಿ ಬಂದರು, ಏನೂ ಕೇಳಲಿಲ್ಲ. ಊಟವಾದ ಮೇಲೆ ನಾನೇ ನಡೆದದ್ದನ್ನು ಹೇಳಿದೆ. ಕೋಪ ಮಾಡಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಒಂದ್ಸಲ ನೋಡಿ ಬರೋಣ ನಡಿ ಎಂದರು. ಜಟಕಾ ಮಾಡಿಕೊಂಡು ಹೋದೆವು.

ಕುಂಡವನ್ನು ಬರೀ ನೆಲದ ಮೇಲೆ ಇಟ್ಟಿದ್ದರು. ಬಿಳಿ ಕಟ್ಟಿಗೆಯ ಮೇಲೆ ಬುಡದಿಂದ ತುದಿಯವರೆಗೆ ಗೆದ್ದಲಿನ ಕೆಂಪು ಮಣ್ಣಿನ ಗೆರೆ ಹತ್ತಿತ್ತು. ನಾನು ಒಂದು ಕಡ್ಡಿ ತೆಗೆದುಕೊಂಡು ಮಣ್ಣು ಕೆರೆಯಲು ಹೋದೆ. ಒಳಗೆ ಟೊಳ್ಳಾಗಿದ್ದ ತುದಿ ಹಾಗೇ ಕಳಚಿ ನನ್ನ ಅಂಗೈಗೆ ಬಂತು. ಬಸುರಿಯಾಗಿದ್ದು ಎಂಥದನ್ನು ಮುಟ್ಟಿಬಿಟ್ಟೆ ಎಂದು ಅದನ್ನು ಮೈಯಿಂದ ದೂರ ಹಿಡಿದೆ. ಆಕೆ ಆ ತುಂಡನ್ನು ನನ್ನ ಕೈಯಿಂದ ತೆಗೆದುಕೊಂಡು ಸೆರಗಿನಲ್ಲಿ ಕಟ್ಟಿಕೊಂಡರು.

"ಇದನ್ನ ಇಲ್ಲೇ ಬಿಟ್ಬಿಡು ಅಮ್ಮಾಯಿ," ಎಂದರು.

ನನಗೆ ಬಿಡಲಾಗಲಿಲ್ಲ. ತೊಲಗಲಿ ಎಂದು ಅಷ್ಟು ದಿನ ಬಯಸಿದ್ದವಳು ನಾನೇ. ಆದರೆ ಆ ಮಣ್ಣಿನ ಗೆರೆಯಲ್ಲಿ ಹುಳುಗಳು ಸಾಲುಗಟ್ಟಿ ಒಳಗೆ ಹೊರಗೆ ಹರಿಯುವುದನ್ನು ನೋಡಿ ಬೆನ್ನು ತಿರುಗಿಸಲು ಆಗಲಿಲ್ಲ. ಮಣ್ಣೆಲ್ಲ ಕೊಡವಿ, ಜಟಕಾದವನ ಕೈಯಲ್ಲಿ ಎತ್ತಿಸಿ ಮನೆಗೆ ತಂದೆ. ಆಕೆ ತಡೆಯಲಿಲ್ಲ.

ಸಂಜೆ ಯಜಮಾನರು ಬಂದು, ಕುಂಡ ಚಪ್ಪಡಿಯ ಮೇಲಿರುವುದನ್ನು ನೋಡಿ ಅಲ್ಲೇ ನಿಂತರು. ಆ ತಾಯಿ ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದರು.

"ಇಷ್ಟು ವರ್ಷ ನೀನು ಕರೆದೆ ಅಂತ ಬಂದೆ ಕಣಪ್ಪ," ಎಂದು ಶುರುಮಾಡಿದರು. "ನಾನು ಬರದಿದ್ರೆ ನೀನು ನೊಂದ್ಕೋತೀಯ ಅಂತ ಬಂದೆ. ನನ್ನ ಮಗಳನ್ನ ಊರಾಚೆ ಸುಟ್ಟು ಬಂದಿದೀವಿ. ಇದನ್ನ ನೋಡಿದಾಗೆಲ್ಲ ಇನ್ನೂ ಸುಟ್ಟಿಲ್ಲ ಅನ್ನಿಸ್ತದೆ. ಮಂಚದ ಮೇಲೆ ಒಣಗ್ತಾ ಮಲಗಿದ್ದೋಳೇ ಕಣ್ಣಿಗೆ ಬರ್ತಾಳೆ. ಗುಡ್ಡ ಹತ್ತಿ ಓಡ್ತಿದ್ದ ಹುಡುಗಿ ಕಾಣೋದೇ ಇಲ್ಲ."

ಯಜಮಾನರು ಹೋಗಿ ಕುಂಡದ ಅಂಚಿಗೆ ಅಂಟಿದ್ದ ಮಣ್ಣನ್ನು ಬೆರಳಿನಿಂದ ಒರೆಸಿದರು. ಕೊನೆಗೆ, "ನಂಗೆ ಗೊತ್ತಿರಲಿಲ್ಲ ಅತ್ತೆ," ಎಂದಷ್ಟೇ ಹೇಳಿ ಒಳಗೆ ಹೋದರು.

ಮಾರನೆಯ ಬೆಳಿಗ್ಗೆ ಆಕೆ ನನಗೆ ಎಣ್ಣೆ ಹಚ್ಚಿ ನೀರು ಹಾಕುತ್ತೇನೆಂದರು. ಬಚ್ಚಲ ಒಲೆಯ ಮುಂದೆ ನಾನು ಕೂತಿದ್ದಾಗ ಇದ್ದಕ್ಕಿದ್ದಂತೆ ಗಂಧಕದ ವಾಸನೆ ಬಂತು. ಒಲೆಯೊಳಗೆ ಸೌದೆಯ ಕೆಂಪು ಉರಿಯ ಮಧ್ಯೆ ಒಂದೇ ಕಡೆ ನೀಲಿ ಉರಿ ಎದ್ದು, ಸ್ವಲ್ಪ ಹೊತ್ತು ಆಡಿ, ಆರಿತು. ಆಕೆಯ ಸೆರಗಿನ ಗಂಟು ಬಿಚ್ಚಿತ್ತು, ಮರದ ತುಂಡು ಅದರಲ್ಲಿರಲಿಲ್ಲ. ಆಕೆ ಅದೇ ಹಂಡೆಯ ನೀರನ್ನು ತಲೆಯ ಮೇಲೆ ನಿಧಾನವಾಗಿ ಸುರಿಯುತ್ತ, ಹೊಟ್ಟೆಯ ಮೇಲೆ ಒಮ್ಮೆ ಅಂಗೈ ಇಟ್ಟು ತೆಗೆದರು.

ಹೆರಿಗೆಗೆ ಚಿಂತಾಮಣಿಗೆ ಹೋಗಿ, ಹೆಣ್ಣು ಮಗುವನ್ನು ಎತ್ತಿಕೊಂಡು ವಾಪಸು ಬರುವ ಹೊತ್ತಿಗೆ ಬೇಸಿಗೆ ಬಂದಿತ್ತು. ಯಜಮಾನರು ಮರಕ್ಕೆ ನೀರು ಹಾಕುತ್ತಿದ್ದರು, ಸತ್ತ ಕಡೆಯನ್ನು ಮುಟ್ಟುತ್ತಿರಲಿಲ್ಲ. ಕಟ್ಟಿಗೆ ಬೂದು ಬಣ್ಣಕ್ಕೆ ತಿರುಗಿತ್ತು. ಮಣ್ಣು ತಾಗುವಲ್ಲಿ ಉಗುರು ಒತ್ತಿದರೆ ಒಳಗಿಳಿಯುತ್ತಿತ್ತು. ಇನ್ನೆರಡು ಮಳೆ ಬಿದ್ದರೆ ಪುಡಿಯಾಗಿ ಉದುರುತ್ತದೆ ಎಂದು ನನಗೂ ತಿಳಿಯಿತು. ಉದುರಲಿ ಅಂತಲೇ ಎಲ್ಲರೂ ತೀರ್ಮಾನಿಸಿಯೂ ಆಗಿತ್ತು.

ಒಂದು ಮಧ್ಯಾಹ್ನ ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ, ಮೂರು ಕಲ್ಲು ಹೂಡಿ, ಸುಣ್ಣ ಗಂಧಕ ಕುದಿಯಲಿಟ್ಟೆ. ಯಾಕೆ ಎಂದರೆ ಇಂದಿಗೂ ಸರಿಯಾಗಿ ಹೇಳಲಾರೆ. ಆ ಮೊದಲನೆಯಾಕೆ ಪೂರ್ತಿ ಹೋಗಿಬಿಟ್ಟರೆ ಆ ಮನೆಯಲ್ಲಿ ನನಗೆ ಮುಂಚೆ ಬಂದವರು ಯಾರೂ ಇರುವುದಿಲ್ಲ, ಬಾವಿಗೆ ನಿಜವಾಗಿಯೂ ಒಬ್ಬಳೇ ಹೋಗಬೇಕಾಗುತ್ತದೆ ಎಂದು ಹೆದರಿದೆನೋ ಏನೋ. ಕೊಳೆತದ್ದನ್ನು ಗಟ್ಟಿ ಸಿಗುವವರೆಗೆ ಚಾಕುವಿನಿಂದ ಕೆರೆದೆ. ಬ್ರಷ್ಷಿನಿಂದ ತಿಕ್ಕಿದೆ. ಬಳಿಯಲು ಶುರುಮಾಡಿದಾಗ ಹಿಂದೆ ಹೆಜ್ಜೆ ಸದ್ದಾಯಿತು, ತಿರುಗಲು ಭಯವಾಯಿತು. ಯಜಮಾನರು. ಊಟಕ್ಕೆ ಬಂದಿದ್ದರು. ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು, ನಾನು ಮರೆತಿದ್ದ ಬಟ್ಟೆಯನ್ನು ಬುಡಕ್ಕೆ ಸುತ್ತಿದರು.

"ಹಸಿ ಕಡೆಗೆ ತಾಗಬಾರದು," ಎಂದರು. ಬ್ರಷ್ಷನ್ನು ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ.

ಅಂದಿನಿಂದ ಆ ಕೆಲಸ ನನ್ನದಾಯಿತು. ಆ ತಾಯಿ ಮಗುವನ್ನು ನೋಡಲು ಬಂದಾಗ ಹಿತ್ತಿಲ ಬಾಗಿಲಿಂದಲೇ ಹೊಸ ಬಿಳುಪು ಕಂಡು, ನೀನಾ ಎಂದು ಕೇಳಿದರು. ಹೌದೆಂದೆ. ನಿನ್ನಿಷ್ಟ ಅಮ್ಮಾಯಿ ಎಂದರು. ಆಮೇಲೆ ಇನ್ನೂ ಕೆಲವು ವರ್ಷ ಬಂದುಹೋಗುತ್ತಿದ್ದರು, ನನ್ನ ಮಗಳಿಗೂ ಜಡೆ ಹೆಣೆದರು. ಹಿತ್ತಿಲಿಗೆ ಮಾತ್ರ ಹೋಗಲಿಲ್ಲ, ಹೋಗಿ ಎಂದು ಯಜಮಾನರೂ ಹೇಳಲಿಲ್ಲ. ಆ ತಾಯಿ ತೀರಿಕೊಂಡ ಸುದ್ದಿ ಬಂದಾಗ ಇವರು ಒಬ್ಬರೇ ಗೌರಿಬಿದನೂರಿಗೆ ಹೋಗಿ ಬಂದರು.

ಆ ದಶಕದ ಕೊನೆಗೆ ಚಿಕ್ಕಬಳ್ಳಾಪುರಕ್ಕೆ ವರ್ಗವಾಯಿತು. ಮರವನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ತಂದೆ. ಹೊಸ ಮನೆಯಲ್ಲಿ ಬಾವಿ ಇರಲಿಲ್ಲ, ಸಣ್ಣದೊಂದು ಅಂಗಳ. ಅಲ್ಲಿಗೆ ಹೋದ ಸ್ವಲ್ಪ ದಿನಕ್ಕೆ ಎದುರು ಮನೆಯ ಹೆಂಗಸು ಮಾತಿನ ನಡುವೆ, ನಿಮ್ಮ ಮನೆಗೆ ನೆಂಟರು ಬಂದಿದ್ದಾರಾ, ಸಂಜೆ ಹೊತ್ತು ಬಿಳಿ ಸೀರೆಯವರು ಒಬ್ಬರು ಅಂಗಳದಲ್ಲಿ ಕೂದಲು ಹರಡಿಕೊಂಡು ಕೂತಿರುತ್ತಾರಲ್ಲ ಎಂದರು.

"ಅದು ಮರ ಕಣ್ರೀ," ಎಂದೆ.

ಆಕೆ ವಾದ ಮಾಡಲಿಲ್ಲ, ಬೇರೆ ಮಾತಿಗೆ ಹೋದರು. ಅಂದು ಸಂಜೆ ನಾನು ದೀಪ ಹಚ್ಚದೆ ಹೊಸ್ತಿಲ ಮೇಲೆ ಕೂತೆ. ಎಲೆಗಳು ಒಂದೊಂದಾಗಿ ಮುಚ್ಚಿಕೊಂಡವು. ಬಿಳಿ ಕಟ್ಟಿಗೆ ಇದ್ದ ಹಾಗೇ ಇತ್ತು. ಒಳಗೆ ಮಗಳು ನಿದ್ದೆಯಿಂದ ಎದ್ದು ಕೂಗಿದಾಗ ಎದ್ದು ಬಾಗಿಲು ಮುಂದೆ ಮಾಡಿಕೊಂಡೆ. ಅಗುಳಿ ಹಾಕಲು ಕೈ ಹೋಯಿತು, ಹಾಕದೆ ಒಳಗೆ ಹೋದೆ.